ಮೈಸೂರು ಸೀಮೆಯಲ್ಲಿ ಪಿಯಾನೊ ಸಂಗೀತ: ಅರಮನೆ, ದಂಡು ಮತ್ತು ಬಯಲು

ಕರ್ನಾಟಕದ ಸಂಗೀತ ಚರಿತ್ರೆಯನ್ನು ಬರೆದ ವಿದ್ವಾಂಸರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಸಾಮಾನ್ಯವಾಗಿ ಒಂದೆರಡು ಪುಟಗಳನ್ನು ಮಾತ್ರ ಮೀಸಲಿಟ್ಟಿದ್ದಾರೆ. ಮೈಸೂರು ಅರಮನೆಯ ಬ್ಯಾಂಡು, ಮಹಾರಾಜರ ಪಿಯಾನೊ ಆಸಕ್ತಿ, ಬೆಂಗಳೂರು ದಂಡಿನ ಆಂಗ್ಲರ ಮನರಂಜನೆ ಎಂಬ ಮೂರು ಶೀರ್ಷಿಕೆಗಳಲ್ಲಿ ವಿಷಯ ಮುಗಿದುಹೋಗುತ್ತದೆ. ಹೊರಗಿನಿಂದ ಬಂದ ಪಿಯಾನೊ ವಾದಕನೊಬ್ಬನ ಕಛೇರಿಯಾಗಲಿ, ನಾಲ್ಕೈದು ಮಂದಿ ಕೂಡಿ ನುಡಿಸುವ ಚೇಂಬರ್ ಸಂಗೀತವಾಗಲಿ ಈ ನೆಲದ ಜನಜೀವನಕ್ಕೆ ಸಂಬಂಧಿಸಿದ್ದಲ್ಲ ಎಂಬ ಗ್ರಹಿಕೆ ಇದರ ಹಿಂದಿದೆ. ಜಾನಪದ ಅಧ್ಯಯನವೂ ಇದೇ ಗ್ರಹಿಕೆಯನ್ನು ಇನ್ನೊಂದು ಬದಿಯಿಂದ ಒಪ್ಪಿಕೊಂಡಿದೆ. ಅರಮನೆಯದ್ದು ಅರಮನೆಗೆ, ಬಯಲಿನದ್ದು ಬಯಲಿಗೆ ಎಂಬ ವಿಭಜನೆ ಎರಡೂ ಶಿಸ್ತುಗಳಿಗೆ ಅನುಕೂಲಕರವಾಗಿಯೇ ಇತ್ತು.

ಈ ವಿಭಜನೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳನ್ನೊಳಗೊಂಡ ಬೆಂಗಳೂರು ಗ್ರಾಮಾಂತರ ಪ್ರದೇಶವು ಈ ಪರಿಶೀಲನೆಗೆ ತಕ್ಕ ನೆಲೆಯಾಗಿದೆ. 1986ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಈ ತಾಲ್ಲೂಕುಗಳು ಬೆಂಗಳೂರು ಜಿಲ್ಲೆಯ ಭಾಗವಾಗಿದ್ದವು. ಒಂದು ಕಡೆ ದಂಡಿನ ಪ್ರದೇಶ, ಇನ್ನೊಂದು ಕಡೆ ಮೈಸೂರು ಸಂಸ್ಥಾನದ ಹಳ್ಳಿಗಾಡು. ಇವೆರಡರ ನಡುವಿನ ದಾರಿಯಲ್ಲಿ ಈ ಊರುಗಳಿವೆ.

ದೇವನಹಳ್ಳಿಯ ಕೂಸು ಮತ್ತು ಹುಲಿಯ ಆರ್ಗನ್

ಮೈಸೂರಿನ ಇತಿಹಾಸದಲ್ಲಿ ಮಣೆಗಳಿರುವ ಪಾಶ್ಚಾತ್ಯ ವಾದ್ಯದ ಅತ್ಯಂತ ಪ್ರಸಿದ್ಧ ಆರಂಭಿಕ ನಿದರ್ಶನವು ಪಿಯಾನೊ ಅಲ್ಲ. ಹುಲಿಯ ಹೊಟ್ಟೆಯೊಳಗೆ ಅಡಗಿಸಿದ ಒಂದು ಆರ್ಗನ್. 1750ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನಿಗಾಗಿ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ತಯಾರಾದ ಈ ಮರದ ಹುಲಿಯು ಯೂರೋಪಿಯನ್ನನೊಬ್ಬನ ಮೇಲೆರಗಿ ನಿಂತಿದೆ. ಹಿಡಿಯನ್ನು ತಿರುಗಿಸಿದಾಗ ಕೆಳಗೆ ಬಿದ್ದವನ ಕೈ ಮೇಲೇಳುತ್ತದೆ, ಅವನ ನರಳಾಟವೂ ಹುಲಿಯ ಗರ್ಜನೆಯೂ ಕೇಳಿಸುತ್ತವೆ. ಹುಲಿಯ ಪಕ್ಕೆಯ ಬಾಗಿಲನ್ನು ಇಳಿಸಿದರೆ ದಂತದ ಗುಂಡಿಗಳಂತಿರುವ 18 ಮಣೆಗಳ ಸಾಲೊಂದು ಕಾಣುತ್ತದೆ. ಅದನ್ನು ಒತ್ತಿ ರಾಗ ನುಡಿಸಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದನ್ನು ಲಂಡನ್ನಿಗೆ ಸಾಗಿಸಲಾಯಿತು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಪ್ರದರ್ಶನಕ್ಕಿದ್ದ ಈ ವಸ್ತು ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಈ ಹುಲಿಯನ್ನು ರಾಜಕೀಯ ರೂಪಕವಾಗಿ ಅನೇಕರು ವಿವೇಚಿಸಿದ್ದಾರೆ. ಸಂಗೀತದ ದೃಷ್ಟಿಯಿಂದ ಗಮನಿಸಬೇಕಾದ ಅಂಶ ಬೇರೆ. ಇಲ್ಲಿ ಪಾಶ್ಚಾತ್ಯ ವಾದ್ಯವು ದೊರೆಯ ಆಸ್ಥಾನಕ್ಕೆ ಗೌರವದ ಅತಿಥಿಯಾಗಿ ಬಂದಿಲ್ಲ; ಸ್ಥಳೀಯ ಅರ್ಥವೊಂದರ ಒಳಗೆ ಸೇರಿಕೊಂಡು ಬಂದಿದೆ. ಹೊರಗಿನ ವಾದ್ಯವನ್ನು ತನ್ನ ಕಥನದ ಭಾಗವಾಗಿಸಿಕೊಳ್ಳುವ ಈ ಪ್ರವೃತ್ತಿಯು ಮುಂದೆ ಅರಮನೆಯಲ್ಲಿಯೂ ಹಳ್ಳಿಯ ರಂಗದ ಮೇಲೂ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ದಂಡು ಮತ್ತು ಅರಮನೆ

1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಸ್ಥಾಪನೆಯಾದ ನಂತರ ಪಾಶ್ಚಾತ್ಯ ಸಂಗೀತವು ಮೂರು ದಾರಿಗಳಲ್ಲಿ ಬಂದಿತು: ಸೈನ್ಯದ ಬ್ಯಾಂಡು, ಚರ್ಚಿನ ಆರ್ಗನ್, ಬಂಗಲೆಗಳ ನಡುಮನೆಯ ಪಿಯಾನೊ. ಇವುಗಳಲ್ಲಿ ಮೊದಲನೆಯದು ಮಾತ್ರ ಬಯಲಿನಲ್ಲಿ ಕೇಳಿಸುವಂಥದು. ಕಬ್ಬನ್ ಪಾರ್ಕಿನ ಬ್ಯಾಂಡ್ ಸ್ಟ್ಯಾಂಡ್ ಇದಕ್ಕೆ ಸಾಕ್ಷಿಯಾಗಿ ಇಂದಿಗೂ ನಿಂತಿದೆ. ಹಳ್ಳಿಗಳ ಮದುವೆ, ಜಾತ್ರೆಗಳ ಮೆರವಣಿಗೆಯಲ್ಲಿ ಓಲಗದವರ ಜೊತೆಗೆ ಬ್ಯಾಂಡ್‌ಸೆಟ್ಟಿನವರು ಕಾಣಿಸಿಕೊಂಡದ್ದು ಇದರ ಮುಂದುವರಿಕೆ. ಪಿಯಾನೊಗೆ ಅಂಥ ಸಂಚಾರ ಸಾಧ್ಯವಿರಲಿಲ್ಲ. 88 ಮಣೆಗಳ, ನೂರಾರು ತಂತಿಗಳ, ಹಲವು ಮಂದಿ ಹೊತ್ತರೂ ಅಲುಗದ ಆ ವಾದ್ಯ ಒಮ್ಮೆ ಇಟ್ಟ ಕೋಣೆಯಲ್ಲಿಯೇ ಉಳಿಯುತ್ತದೆ. ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ, ಶ್ರುತಿ ಕದಲುತ್ತದೆ. ಶ್ರುತಿ ಕೂಡಿಸುವ ಕುಶಲಿಯಿಲ್ಲದ ಊರಿನಲ್ಲಿ ಪಿಯಾನೊ ಇದ್ದೂ ಇಲ್ಲದಂತೆ. ಅತಿಥಿ ವಾದಕರ ಕಛೇರಿಗಳು ಬೆಂಗಳೂರು, ಮೈಸೂರುಗಳನ್ನು ಬಿಟ್ಟು ಹೊರಗೆ ಹೋಗದಿರಲು ಕೇಳುಗರ ಅಭಿರುಚಿಯಷ್ಟೇ ಈ ಭೌತಿಕ ಕಾರಣವೂ ಮುಖ್ಯವಾಗಿದೆ.

ಮೈಸೂರು ಅರಮನೆಯಲ್ಲಿ ಪರಿಸ್ಥಿತಿ ಭಿನ್ನವಾಗಿತ್ತು. ವೀಣೆ ಶೇಷಣ್ಣನವರು (1852–1926) ವೀಣೆಯಲ್ಲದೆ ಸ್ವರಬತ್ತು, ಪಿಯಾನೊ ಮೊದಲಾದ ವಾದ್ಯಗಳನ್ನೂ ನುಡಿಸುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಪಾಶ್ಚಾತ್ಯ ವಾದ್ಯವೃಂದಕ್ಕೆ ಜರ್ಮನಿಯ ಆಟೊ ಸ್ಮಿಟ್ ಅವರ ನೇತೃತ್ವ ದೊರಕಿತ್ತು. ಆಸ್ಥಾನ ವಿದ್ವಾಂಸರು ಪಾಶ್ಚಾತ್ಯ ಸ್ವರಲಿಪಿಯನ್ನೂ ಸ್ವರಮೇಳದ ಕ್ರಮವನ್ನೂ ಹತ್ತಿರದಿಂದ ಕಂಡರು. ಹೀಗೆ ಒಂದೇ ಅರಮನೆಯ ಆವರಣದಲ್ಲಿ ಕರ್ನಾಟಕ ಸಂಗೀತ ಮತ್ತು ಪಾಶ್ಚಾತ್ಯ ಸಂಗೀತಗಳು ಪರಸ್ಪರ ಪರಿಚಯದಲ್ಲಿ ಬೆಳೆದವು.

ಈ ವಾತಾವರಣದಲ್ಲಿ ಬೆಳೆದವರು ಜಯಚಾಮರಾಜ ಒಡೆಯರು (1919–1974). ಪಿಯಾನೊ ವಾದನದಲ್ಲಿ ಶಿಸ್ತುಬದ್ಧ ಶಿಕ್ಷಣ ಪಡೆದ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನೂ, 1945ರಲ್ಲಿ ಅದೇ ನಗರದ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಮಾನ್ಯತೆಯನ್ನೂ ಪಡೆದರು. ಕಛೇರಿ ವಾದಕನಾಗಬೇಕೆಂಬ ಹಂಬಲ ಅವರಿಗಿತ್ತು. 1940ರ ಮಾರ್ಚಿಯಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರೂ ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡರು. ಇಪ್ಪತ್ತೊಂದರ ಪ್ರಾಯದಲ್ಲಿ ಸಿಂಹಾಸನವೇರಿದ ಯುವಕನಿಗೆ ವಾದಕನ ವೃತ್ತಿಯ ಬಾಗಿಲು ಮುಚ್ಚಿತು. ಮುಂದೆ ಅವರು ವೀಣೆ ವೆಂಕಟಗಿರಿಯಪ್ಪನವರಲ್ಲಿ ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಆದರು.

ಬಾರದ ಅತಿಥಿ, ಬಂದ ಧ್ವನಿ

ಮೈಸೂರಿನ ಪಿಯಾನೊ ಚರಿತ್ರೆಯ ಅತ್ಯಂತ ದೊಡ್ಡ ಹೆಸರು ಈ ನೆಲಕ್ಕೆ ಎಂದೂ ಕಾಲಿಡದ ಕಲಾವಿದನದು. ಮಾಸ್ಕೋದಲ್ಲಿ 1880ರ ಜನವರಿಯಲ್ಲಿ ಹುಟ್ಟಿ, ಕ್ರಾಂತಿಯ ನಂತರ ದೇಶ ಬಿಟ್ಟು, 1935ರಿಂದ ಲಂಡನ್ನಿನಲ್ಲಿ ನೆಲೆಸಿದ ನಿಕೊಲಾಯ್ ಮೆಟ್ನರ್ ಸ್ವತಃ ಶ್ರೇಷ್ಠ ಪಿಯಾನೊ ವಾದಕ ಹಾಗೂ ರಚನಕಾರ. ರಾಖ್ಮನಿನೊಫ್ ಅವರ ಆಪ್ತಮಿತ್ರನಾಗಿದ್ದ ಈತನ ರಚನೆಗಳು ಕಾಲದ ಹೊಸ ಅಭಿರುಚಿಗೆ ಹಳತೆನಿಸಿದ್ದವು. ಎರಡನೆಯ ಮಹಾಯುದ್ಧ ಆರಂಭವಾಗುತ್ತಲೇ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತಿತು, ಹೃದಯರೋಗವೂ ಜೊತೆಗೂಡಿತು. ಈ ವಾದಕನ ಸಂಗೀತವನ್ನು ಮೆಚ್ಚಿದ ಜಯಚಾಮರಾಜ ಒಡೆಯರು ಆತನ ಕೃತಿಗಳು ಆತನ ಕೈಯಿಂದಲೇ ಧ್ವನಿಮುದ್ರಣಗೊಳ್ಳಬೇಕೆಂದು ಬಯಸಿ, 1940ರ ದಶಕದ ಉತ್ತರಾರ್ಧದಲ್ಲಿ ಮೆಟ್ನರ್ ಸೊಸೈಟಿಯ ಮೂಲಕ ಅದಕ್ಕೆ ಹಣ ಒದಗಿಸಿದರು.

ಫಲವಾಗಿ ಮೆಟ್ನರನ ಮೂರು ಪಿಯಾನೊ ಕಂಚೆರ್ಟೊಗಳು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಆತನದೇ ವಾದನದಲ್ಲಿ 1947ರಲ್ಲಿ ದಾಖಲಾದವು. ಪಿಯಾನೊದ ಏಕವಾದನಗಳು, ಹಾಡುಗಳು, ಪಿಟೀಲು ಮತ್ತು ಪಿಯಾನೊಗಳ ಸೊನಾಟ ಮುಂತಾದ ಚೇಂಬರ್ ಸಂಗೀತದ ರಚನೆಗಳೂ ಗ್ರಾಮಫೋನ್ ತಟ್ಟೆಗಳಿಗೆ ಏರಿದವು. ದಶಕಗಳ ಕಾಲ ಬರೆಯುತ್ತ ಬಂದು 1940ರ ದಶಕದ ಕೊನೆಯಲ್ಲಿ ಮುಗಿಸಿದ ಪಿಯಾನೊ ಪಂಚಕವನ್ನೂ ಈತ ಇಯೋಲಿಯನ್ ಚತುಷ್ಟಯದೊಡನೆ 1949ರಲ್ಲಿ ನುಡಿಸಿ ದಾಖಲಿಸಿದ. ತನ್ನ ಮೂರನೆಯ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಕೃತಜ್ಞತೆಯಿಂದ ಅರ್ಪಿಸಿದ. 1951ರ ನವೆಂಬರ್ 13ರಂದು ಮೆಟ್ನರ್ ತೀರಿಕೊಂಡ. ಇಂದು ಈ ರಚನಕಾರನ ಬಗ್ಗೆ ಅಧ್ಯಯನ ನಡೆಸುವವರು ಮೊದಲು ಕೇಳುವುದು ಮೈಸೂರಿನ ಹಣದಿಂದ ಉಳಿದ ಆ ಧ್ವನಿಯನ್ನೇ.

ಈ ಪೋಷಣೆ ಒಬ್ಬ ವ್ಯಕ್ತಿಗೆ ಸೀಮಿತವಾಗಲಿಲ್ಲ. 1945ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ 1946ರಲ್ಲಿ ಮೈಸೂರಿಗೆ ಅತಿಥಿಯಾಗಿ ಬಂದರು. ಅರಮನೆಯ ಅಪಾರ ಧ್ವನಿಮುದ್ರಿಕೆಗಳ ಸಂಗ್ರಹವನ್ನೂ ದೊಡ್ಡ ಪಿಯಾನೊಗಳನ್ನೂ ಕಂಡು ಬೆರಗಾದುದನ್ನು ಅವರು ದಾಖಲಿಸಿದ್ದಾರೆ. ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವು ದೊರೆತುದನ್ನೂ ಅವರು ನೆನೆದಿದ್ದಾರೆ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾದವರು ಜಯಚಾಮರಾಜರು. ಬಾರ್ಟೋಕ್, ರುಸೆಲ್, ಬಲಾಕಿರೆವ್ ಅವರ ಕೃತಿಗಳನ್ನು ಕರಾಯನ್ 1949ರಲ್ಲಿ ದಾಖಲಿಸಿದ್ದರ ಹಿಂದೆಯೂ ಮೈಸೂರಿನ ಸಂಗೀತ ಪ್ರತಿಷ್ಠಾನದ ನೆರವಿತ್ತು. ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮೇಲೆ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಪ್ರಥಮ ಪ್ರಯೋಗ ಕಂಡವು. ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದ, ಫುರ್ಟ್‌ವೆಂಗ್ಲರ್ ನಿರ್ದೇಶಿಸಿದ ಆ ಕಾರ್ಯಕ್ರಮಕ್ಕೆ 4,800 ಡಾಲರುಗಳ ಖಾತರಿ ನೀಡಿದವರು ಮೈಸೂರಿನವರು. ಬರಲಾಗದ ದೊರೆಗಾಗಿ ಅದರ ಧ್ವನಿಮುದ್ರಣ ಸಮುದ್ರ ದಾಟಿ ಬಂದಿತು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಈ ವರ್ಷಗಳು ಸಂಸ್ಥಾನದ ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ಹೂಡಿದ ವರ್ಷಗಳೂ ಹೌದು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಮುಂದೆ ಮಹಾರಾಜರಿಗೆ ನಿಗದಿಯಾದದ್ದು ವರ್ಷಕ್ಕೆ 26 ಲಕ್ಷ ರೂಪಾಯಿಗಳ ರಾಜಧನ. ಲಂಡನ್ನಿನ ವಾದ್ಯವೃಂದಕ್ಕೆ ಹರಿದ ನೆರವನ್ನು ಔದಾರ್ಯವೆಂದು ಕೊಂಡಾಡುವ ಬರಹಗಳಿವೆ, ದುಂದೆಂದು ಹಳಿಯುವ ಮಾತುಗಳೂ ಇವೆ. ಎರಡೂ ಅಪೂರ್ಣ. ಕೇಳಬೇಕಾದ ಪ್ರಶ್ನೆ ಇಷ್ಟು: ಧ್ವನಿಯನ್ನು ಉಳಿಸುವ ತಂತ್ರಜ್ಞಾನ ಕೈಗೆಟುಕಿದಾಗ ಯಾರ ಧ್ವನಿ ಉಳಿಯಿತು, ಯಾರದು ಉಳಿಯಲಿಲ್ಲ?

ಅಕ್ಷರಕ್ಕೆ ಬಂದ ಹಾಡು, ಧ್ವನಿಗೆ ಬಾರದ ಹಾಡು

ಅದೇ ಕಾಲದ ಕನ್ನಡ ನಾಡಿನಲ್ಲಿ ಜನಪದ ಗೀತೆಗಳ ಸಂಗ್ರಹ ಆರಂಭವಾಗಿತ್ತು. ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರಲ್ಲಿಯೂ, ಅರ್ಚಕ ಬಿ. ರಂಗಸ್ವಾಮಿಯವರ 'ಹುಟ್ಟಿದ ಹಳ್ಳಿ' 1933ರಲ್ಲಿಯೂ ಪ್ರಕಟವಾದವು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಸಂಗ್ರಹವೂ ಇದೇ ದಶಕದ ಕೊಡುಗೆ. ಈ ಮಹನೀಯರ ಕೆಲಸಕ್ಕೆ ಬೆಲೆ ಕಟ್ಟಲಾಗದು. ಆದರೆ ಅವು ಪಠ್ಯ ಸಂಗ್ರಹಗಳು. ಬೀಸುವಾಗ, ನಾಟಿ ಹಾಕುವಾಗ, ಸೋಬಾನೆಯಲ್ಲಿ ಹಾಡಿದವರ ಮಾತು ಪುಸ್ತಕ ಸೇರಿತು. ಅವರ ಮಟ್ಟು, ಉಸಿರಿನ ನಿಲುಗಡೆ, ಮುಂದಾಳು ಹಾಡಿದ್ದನ್ನು ಸೊಲ್ಲು ಹಿಡಿಯುವವರು ಎತ್ತಿಕೊಳ್ಳುವ ರೀತಿ ಪುಸ್ತಕದಲ್ಲಿ ಸೇರಲಿಲ್ಲ. ಮೆಟ್ನರ್ ವಿಷಯದಲ್ಲಿ ಸ್ವರಲಿಪಿ ಮುದ್ರಿತವಾಗಿಯೇ ಇತ್ತು. ತಟ್ಟೆಗಳು ಇಲ್ಲದಿದ್ದರೂ ರಚನೆ ಉಳಿಯುತ್ತಿತ್ತು. ಸ್ವರಲಿಪಿಯೇ ಇಲ್ಲದ ಪರಂಪರೆಗೆ ಧ್ವನಿಮುದ್ರಣದ ಅಗತ್ಯ ಹೆಚ್ಚಾಗಿತ್ತು, ಅದಕ್ಕೆ ಪೋಷಕರು ದೊರೆತದ್ದು ತಡವಾಗಿ.

ಆ ಕೊರತೆಯನ್ನು ತುಂಬಲು ಮುಂದಾದವರಲ್ಲಿ ಎಚ್.ಎಲ್. ನಾಗೇಗೌಡರು (1915–2005) ಪ್ರಮುಖರು. ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು. ರಾಮನಗರವು 2007ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತು. ಕಲಾವಿದರ ಹಾಡು, ವಾದನ, ಕುಣಿತಗಳನ್ನು ಧ್ವನಿಸುರುಳಿ ಮತ್ತು ದೃಶ್ಯಸುರುಳಿಗಳಲ್ಲಿ ಹಿಡಿದಿಡುವ ಕಾರ್ಯ ಅಲ್ಲಿ ನಡೆಯಿತು. ಒಬ್ಬ ರಚನಕಾರನ ಧ್ವನಿಯನ್ನು ಉಳಿಸಲು ಮಹಾರಾಜರಿಗಿದ್ದ ಕಾಳಜಿಗೂ, ಅನಾಮಧೇಯ ಹಾಡುಗಾರರ ಧ್ವನಿಯನ್ನು ಉಳಿಸಲು ನಾಗೇಗೌಡರಿಗಿದ್ದ ಕಾಳಜಿಗೂ ಮೂಲದಲ್ಲಿ ಸಾಮ್ಯವಿದೆ. ನಡುವೆ ಸಂದ ಸುಮಾರು ಮೂರು ದಶಕಗಳಲ್ಲಿ ತೀರಿಹೋದ ಹಾಡುಗಾರರ ಧ್ವನಿಗೆ ಮಾತ್ರ ಪರಿಹಾರವಿಲ್ಲ.

ಕೋಣೆಯ ಸಂಗೀತ, ಜಗಲಿಯ ಸಂಗೀತ

ಚೇಂಬರ್ ಸಂಗೀತವೆಂದರೆ ಕೋಣೆಯ ಸಂಗೀತ. ಎರಡರಿಂದ ಎಂಟು–ಒಂಬತ್ತು ಮಂದಿ, ಒಬ್ಬೊಬ್ಬರಿಗೂ ಪ್ರತ್ಯೇಕ ಪಾತ್ರ, ಕೋಲು ಹಿಡಿದು ನಡೆಸುವ ನಿರ್ದೇಶಕನಿಲ್ಲ. ಪಿಯಾನೊ ಪಂಚಕದಲ್ಲಿ ಪಿಯಾನೊ ಜೊತೆಗೆ ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ ಇರುತ್ತವೆ. ಪರಸ್ಪರ ಕಿವಿಗೊಟ್ಟು, ಕಣ್ಣಲ್ಲೇ ಸನ್ನೆ ಮಾಡಿ ಸಾಗುವುದು ಇದರ ಜೀವಾಳ. ಯೂರೋಪಿನಲ್ಲಿ ಇದು ಮೊದಲಿಗೆ ಸಭಾಂಗಣದ ಕಲೆಯಾಗಿರಲಿಲ್ಲ. ಮನೆಯ ಬಳಗ ತನಗಾಗಿಯೇ ನುಡಿಸಿಕೊಳ್ಳುತ್ತಿದ್ದ ಸಂಗೀತವಾಗಿತ್ತು.

ಈ ಲಕ್ಷಣಗಳನ್ನು ಗಮನಿಸಿದರೆ ದೇವನಹಳ್ಳಿ, ಹೊಸಕೋಟೆ ಭಾಗದ ತತ್ತ್ವಪದ ಗೋಷ್ಠಿಗಳು ನೆನಪಾಗುತ್ತವೆ. ಏಕತಾರಿ, ದಮ್ಮಡಿ, ತಾಳ, ಒಂದು ಹಾರ್ಮೋನಿಯಂ ಇಷ್ಟರಲ್ಲಿ ರಾತ್ರಿಯಿಡೀ ಜಗಲಿಯಲ್ಲೋ ಭಜನೆ ಮನೆಯಲ್ಲೋ ಹಾಡುವ ಈ ಗೋಷ್ಠಿಗಳಲ್ಲಿ ಕೈವಾರ ನಾರೇಯಣ ತಾತಯ್ಯನವರ ತೆಲುಗು, ಕನ್ನಡ ಪದಗಳು ಒಟ್ಟಿಗೆ ಹರಿಯುತ್ತವೆ. ಹಾಡುವವನು ಎಲ್ಲಿ ನಿಧಾನಿಸುತ್ತಾನೆಂಬುದನ್ನು ದಮ್ಮಡಿಯವನು ಉಸಿರಿನಿಂದಲೇ ಅರಿಯುತ್ತಾನೆ. ಇಲ್ಲಿಯೂ ಕೇಳುಗ ಮತ್ತು ಹಾಡುಗರ ನಡುವೆ ಗೆರೆಯಿಲ್ಲ. ಎರಡು ಪರಂಪರೆಗಳ ನಡುವೆ ನೇರ ಪ್ರಭಾವವನ್ನು ಹುಡುಕುವುದು ತಪ್ಪಾದೀತು. ಒಂದು ಬರೆದಿಟ್ಟ ಸ್ವರಮೇಳದ ಕಲೆ, ಇನ್ನೊಂದು ಬಾಯಿಂದ ಬಾಯಿಗೆ ಬಂದ ಏಕಸ್ವರಧಾರೆಯ ಸಾಧನೆ. ಆದರೂ ಚಿಕ್ಕ ಬಳಗ, ಸಮೀಪದ ಆಲಿಕೆ, ಸಮಾನ ಪಾಲು ಎಂಬ ಮೂರು ಗುಣಗಳು ಯಾವುದೇ ಒಂದು ಸಮಾಜದ ಅಥವಾ ವರ್ಗದ ಸ್ವತ್ತಲ್ಲ ಎಂಬುದನ್ನು ಈ ಹೋಲಿಕೆ ಸ್ಪಷ್ಟಪಡಿಸುತ್ತದೆ.

ಮನೆಗಳ ಲೆಕ್ಕ: ಪಿಯಾನೊ ಹಳ್ಳಿಗೆ ಬಂದ ಬಗೆ

ಪಿಯಾನೊ ಹಳ್ಳಿಗೆ ಬರಲಿಲ್ಲವೆಂಬುದು ನಿಜ. ಆದರೆ ಅದರ ಮಣೆಗಳ ಸಾಲು ಬಂದಿತು. ಪ್ಯಾರಿಸಿನಲ್ಲಿ ಅಲೆಕ್ಸಾಂಡರ್ ದೆಬೆ 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ ಕಾಲಿನಿಂದ ತುಳಿದು ನುಡಿಸುವ ವಾದ್ಯ. ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾರ್ಪಡಿಸಿದ ಕೀರ್ತಿ ಕಲ್ಕತ್ತೆಯ ದ್ವಾರಕನಾಥ ಘೋಷರಿಗೆ ಸಲ್ಲುತ್ತದೆ. ಪಾರಸಿ, ಮರಾಠಿ ನಾಟಕ ಮಂಡಲಿಗಳ ಹಾದಿಯಲ್ಲಿ ಕನ್ನಡ ವೃತ್ತಿರಂಗಭೂಮಿಗೆ ಬಂದ ಈ ವಾದ್ಯವನ್ನು ಕಂಪನಿಗಳು ಊರೂರಿಗೆ ಹೊತ್ತವು. ಗುಬ್ಬಿ ವೀರಣ್ಣನವರ (1891–1972) ಕಂಪನಿಯಂಥ ತಂಡಗಳ ನಾಟಕ ನೋಡಿದ ರೈತರು ತಮ್ಮೂರಿನಲ್ಲಿಯೇ ಪೌರಾಣಿಕ ನಾಟಕ ಕಟ್ಟಿದರು. ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕವನ್ನು ತಿಂಗಳುಗಟ್ಟಲೆ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಗೌರವಾನ್ವಿತ ವ್ಯಕ್ತಿ. ಮುಖವೀಣೆ, ಮದ್ದಳೆ, ತಾಳಗಳ ಮೂಡಲಪಾಯ ಬಯಲಾಟದ ಬದಿಯಲ್ಲಿಯೇ ಈ ಹೊಸ ರಂಗ ಬೆಳೆಯಿತು.

ಇದರ ಆಳವಾದ ಗುರುತು ಭಾಷೆಯಲ್ಲಿ ಉಳಿದಿದೆ. ಹಳ್ಳಿಯ ಪಾತ್ರಧಾರಿಯ ಕಂಠದ ಶ್ರುತಿಯನ್ನು 'ಒಂದು ಮನೆ', 'ಎರಡೂವರೆ ಮನೆ', 'ನಾಲ್ಕು ಮನೆ' ಎಂದು ಅಳೆಯುತ್ತಾರೆ. ಶಾಸ್ತ್ರೀಯ ಗಾಯಕರೂ ಇದೇ ಲೆಕ್ಕ ಬಳಸುತ್ತಾರೆ. ಇಲ್ಲಿ ಮನೆಯೆಂದರೆ ಬಿಳಿಯ ಮಣೆ. ಅರ್ಧವೆಂದರೆ ಅದರ ಪಕ್ಕದ ಕರಿಯ ಮಣೆ. ಪಿಯಾನೊವನ್ನು ಕಣ್ಣಿಂದ ಕಾಣದ ಭೀಮನ ಪಾತ್ರಧಾರಿಯೂ ತನ್ನ ಕಂಠವನ್ನು ಪಿಯಾನೊದ ಮಣೆಸಾಲಿನಿಂದಲೇ ಅಳೆದುಕೊಳ್ಳುತ್ತಾನೆ. ಪರದೇಶದ ಯಂತ್ರಭಾಗವೊಂದಕ್ಕೆ ವಾಸದ ಮನೆಯ ಹೆಸರಿಟ್ಟು ಒಳಗು ಮಾಡಿಕೊಂಡ ಈ ಪದಪ್ರಯೋಗವು, ಆರ್ಗನ್ನನ್ನು ಹುಲಿಯ ಒಡಲಿಗಿಟ್ಟ ಕ್ರಮದ ಶಾಂತ ರೂಪವೆನ್ನಬಹುದು.

ಈ ಸ್ವೀಕಾರಕ್ಕೆ ವಿರೋಧವೂ ಇತ್ತು. ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಹಂಚಿದ ಮಣೆಗಳಲ್ಲಿ ಗಮಕ ನುಡಿಯದು, ಸೂಕ್ಷ್ಮ ಶ್ರುತಿಗಳು ಸಿಗವು ಎಂಬ ಆಕ್ಷೇಪ ನ್ಯಾಯವಾದುದೇ. ಈ ಕಾರಣದಿಂದ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. 1970ರ ದಶಕದ ಆರಂಭದವರೆಗೆ ಆ ನಿಷೇಧ ಸಡಿಲವಾಗಲಿಲ್ಲ. ಅಂದರೆ ಮೈಸೂರಿನ ಅರಮನೆ ಲಂಡನ್ನಿನ ಪಿಯಾನೊ ಧ್ವನಿಯನ್ನು ಉಳಿಸುತ್ತಿದ್ದ ಅದೇ ಅವಧಿಯಲ್ಲಿ, ಅದೇ ಮಣೆಸಾಲಿನ ಬಡ ಸಂಬಂಧಿಯಾದ ಹಾರ್ಮೋನಿಯಂಗೆ ದೇಶದ ಬಾನುಲಿಯಲ್ಲಿ ಸ್ಥಳವಿರಲಿಲ್ಲ. ಬಾನುಲಿಯ ಬಾಗಿಲು ಮುಚ್ಚಿದ್ದರೂ ಹಳ್ಳಿಯ ರಂಗದ ಬಾಗಿಲು ತೆರೆದೇ ಇತ್ತು.

ಅರಮನೆಯ ನಂತರ

ಅರಮನೆಯ ಆಶ್ರಯ ಕಡಿಮೆಯಾದ ಮೇಲೆ ಪಿಯಾನೊ ಕಛೇರಿಗಳ ಹೊಣೆ ಬೆಂಗಳೂರಿನ ಸಂಸ್ಥೆಗಳದ್ದಾಯಿತು. ಜಯಚಾಮರಾಜ ಒಡೆಯರ ಸಹೋದರಿ ವಿಜಯಾದೇವಿಯವರು ವೀಣೆ ಮತ್ತು ಪಿಯಾನೊ ಎರಡರಲ್ಲೂ ಪರಿಶ್ರಮವುಳ್ಳವರು. ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿಯೂ ಕಲಿತಿದ್ದ ಅವರು ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿ ದೇಶವಿದೇಶಗಳ ಕಲಾವಿದರಿಗೆ ಬೆಂಗಳೂರಿನಲ್ಲಿ ವೇದಿಕೆ ಒದಗಿಸಿದರು. 1960ರಲ್ಲಿ ಆರಂಭವಾದ ಮ್ಯಾಕ್ಸ್ ಮುಲ್ಲರ್ ಭವನ, 1987ರಲ್ಲಿ ಅರುಣಾ ಸುಂದರಲಾಲ್ ಅವರು ಸ್ಥಾಪಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಈ ಕಾರ್ಯವನ್ನು ವಿಸ್ತರಿಸಿದವು. ಪ್ರವಾಸಿ ವಾದಕನ ಏಕವ್ಯಕ್ತಿ ಕಛೇರಿ, ಚತುಷ್ಟಯಗಳ ಚೇಂಬರ್ ಸಂಗೀತ, ವಿದ್ಯಾರ್ಥಿಗಳಿಗೆ ಪಾಠ ಇವು ನಗರದ ಸಾಂಸ್ಕೃತಿಕ ಬದುಕಿನ ಭಾಗವಾದವು. ಅರಮನೆಯಲ್ಲಿ ಆಹ್ವಾನಿತರಿಗಷ್ಟೇ ತೆರೆದಿದ್ದ ಬಾಗಿಲು ಇಲ್ಲಿ ಚೀಟಿ ಕೊಂಡವರಿಗೆಲ್ಲ ತೆರೆಯಿತು. ನಗರದ ಗಡಿಯನ್ನು ಮಾತ್ರ ಅದು ಇನ್ನೂ ಪೂರ್ಣವಾಗಿ ದಾಟಿಲ್ಲ. 2008ರಿಂದ ವಿದೇಶದ ಕಲಾವಿದರು ವಿಮಾನದಿಂದ ಇಳಿಯುವುದು ದೇವನಹಳ್ಳಿಯ ನೆಲದಲ್ಲಿ. ನುಡಿಸುವುದು ನಗರದ ನಡುವಿನ ಸಭಾಂಗಣಗಳಲ್ಲಿ.

ಒಟ್ಟಿನಲ್ಲಿ ಮೈಸೂರು ಸೀಮೆಯ ಪಿಯಾನೊ ಚರಿತ್ರೆಯನ್ನು ದೊರೆಯೊಬ್ಬನ ಹವ್ಯಾಸದ ಚರಿತ್ರೆಯೆಂದು ಬದಿಗೆ ಸರಿಸುವಂತಿಲ್ಲ. ಜಗತ್ತಿನ ಸಂಗೀತಕ್ಕೆ ಈ ನಾಡು ಸಲ್ಲಿಸಿದ ಸೇವೆ ಅದರಲ್ಲಿದೆ. ಯಾರ ಧ್ವನಿಯನ್ನು ಉಳಿಸಬೇಕೆಂಬ ತೀರ್ಮಾನದಲ್ಲಿ ಅಡಗಿದ್ದ ಅಸಮಾನತೆಯೂ ಅದರಲ್ಲಿದೆ. ಇವೆರಡನ್ನೂ ಒಂದೇ ಪುಟದಲ್ಲಿಟ್ಟು ನೋಡಿದಾಗ ಸಂಶೋಧಕರ ಮುಂದಿನ ಕೆಲಸ ಸ್ಪಷ್ಟವಾಗುತ್ತದೆ. ಅರಮನೆಯ ಧ್ವನಿಮುದ್ರಿಕೆಗಳನ್ನು ಪಟ್ಟಿ ಮಾಡುವಷ್ಟೇ ಶ್ರದ್ಧೆಯಿಂದ ಗ್ರಾಮಾಂತರ ತಾಲ್ಲೂಕುಗಳ ಹಿರಿಯ ಹಾರ್ಮೋನಿಯಂ ಮೇಷ್ಟ್ರುಗಳ ಮಟ್ಟುಗಳನ್ನೂ ನೆನಪುಗಳನ್ನೂ ದಾಖಲಿಸಬೇಕಾಗಿದೆ. ಮೊದಲನೆಯದಕ್ಕೆ ಗ್ರಂಥಾಲಯಗಳು ಕಾಯಬಲ್ಲವು. ಎರಡನೆಯದಕ್ಕೆ ಆ ಮೇಷ್ಟ್ರುಗಳ ಆಯುಷ್ಯವೇ ಗಡುವು.